ಮನೆ ನೋಡಲು ಪರೀಕ್ಷಕರು ಬರುವ ಮುನ್ನ

ಮನೆ ಕೊಳ್ಳುವವರು ತಮ್ಮ ಕಡೆಯ ಪರೀಕ್ಷಕರನ್ನು ಕಳುಹಿಸುತ್ತೇವೆ ಎಂದ ಕೂಡಲೇ ಅನೇಕರು ಮೊದಲು ತರಿಸುವುದು ಬಣ್ಣದ ಡಬ್ಬವನ್ನು. ನಾನೂ ಒಮ್ಮೆ ಆ ತಪ್ಪು ಮಾಡಿದ್ದೇನೆ. ಮಲಗುವ ಕೋಣೆಯ ಗೋಡೆಯಲ್ಲಿದ್ದ ತೇವದ ಕಲೆಯ ಮೇಲೆ ಎರಡು ಸಲ ಬಣ್ಣ ಬಳಿಸಿದೆ. ಬಂದವರು ತೇವ ಅಳೆಯುವ ಉಪಕರಣವನ್ನು ನೇರವಾಗಿ ಆ ಜಾಗಕ್ಕೇ ಒತ್ತಿದರು, ಆಮೇಲೆ ಉಳಿದ ಗೋಡೆಗಳನ್ನೂ ಸಂಶಯದಿಂದಲೇ ನೋಡಿದರು. ಕೋಣೆಯಲ್ಲಿ ಒಂದು ಗೋಡೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಯಾರ ಕಣ್ಣಾದರೂ ಅಲ್ಲಿಗೇ ಹೋಗುತ್ತದೆ.

ಆದ್ದರಿಂದ ಬಣ್ಣಕ್ಕಿಂತ ಮೊದಲು ನೀರಿನ ದಾರಿಯನ್ನು ಹುಡುಕಬೇಕು. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನಂತಹ ಪುಡಿ ಕಾಣಿಸಿದರೆ, ಒಳಗಿನ ತೇವ ಲವಣಗಳನ್ನು ಹೊರಗೆ ತಂದು ತಾನು ಆರಿಹೋಗಿದೆ ಎಂದು ತಿಳಿಯಬೇಕು. ಪುಡಿಯನ್ನು ಉಜ್ಜಿ ತೆಗೆದರೆ ಅದು ಮತ್ತೆ ಬರುತ್ತದೆ, ಮೂಲವನ್ನು ತಡೆದರೆ ಮಾತ್ರ ನಿಲ್ಲುತ್ತದೆ. ಆ ಮೂಲ ಹೆಚ್ಚಾಗಿ ಹೊರಗೇ ಇರುತ್ತದೆ. ಮಳೆನೀರಿನ ಕೊಳವೆಗಳಲ್ಲಿ ಕಟ್ಟಿದ ಎಲೆಗಳನ್ನು ತೆಗೆದು, ನೀರು ಗೋಡೆಯ ಬುಡಕ್ಕೆ ಸುರಿಯದಂತೆ ಕೊಳವೆಯ ಬಾಯನ್ನು ದೂರಕ್ಕೆ ಒಯ್ಯಿರಿ. ಮನೆಯ ಸುತ್ತಲಿನ ನೆಲ ಗೋಡೆಯಿಂದ ಆಚೆಗೆ, 3 ಮೀಟರಿಗೆ ಸುಮಾರು 15 ಸೆಂಟಿಮೀಟರ್‌ನಷ್ಟು ಇಳಿಜಾರಾಗಿದ್ದರೆ ಒಳ್ಳೆಯದು. ಗೋಡೆಗೆ ಒರಗಿಸಿಟ್ಟ ಸೌದೆ, ಹಳೆಯ ಹಲಗೆಗಳನ್ನು ಅಂದೇ ಸಾಗಿಸಿಬಿಡಿ, ಏಕೆಂದರೆ ಅಂತಹ ಮರೆಯಿಂದಲೂ ಗೆದ್ದಲು ಒಳಗೆ ಬರುತ್ತದೆ.

ಒಳಗೆ ಬಂದರೆ, ಸಿಂಕಿನ ಕೆಳಗಿನ ಕಪಾಟನ್ನು ಖಾಲಿ ಮಾಡಿ, ನಲ್ಲಿಯನ್ನು ಐದು ನಿಮಿಷ ಬಿಟ್ಟು, ಕೊಳವೆಯ ಕೀಲುಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ಹನಿಯೂ ಕಾಗದದಲ್ಲಿ ಗೊತ್ತಾಗುತ್ತದೆ. ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಟ್ಟಾಗ ಕೆಳಗಿನ ನೀರು ಬಣ್ಣಗೂಡಿದರೆ ಟ್ಯಾಂಕಿನ ಒಳಗಿನ ರಬ್ಬರ್ ಬಿರಡೆ ಸವೆದಿದೆ ಎಂದರ್ಥ, ಅದನ್ನು ಬದಲಿಸುವುದು ದೊಡ್ಡ ಖರ್ಚಲ್ಲ. ಬಳಸದ ಬಚ್ಚಲಿನಿಂದ ವಾಸನೆ ಬರುತ್ತಿದ್ದರೆ ಗಾಬರಿ ಬೇಡ. ಕೊಳವೆಯ ಬಾಗಿನಲ್ಲಿ ನಿಲ್ಲಬೇಕಾದ ನೀರು ಆರಿರುತ್ತದೆ, ಒಂದೆರಡು ಚೊಂಬು ನೀರು ಸುರಿದರೆ ಸಾಕು.

ಸುಟ್ಟ ಬಲ್ಬುಗಳನ್ನು ತಪ್ಪದೆ ಬದಲಿಸಿ. ದೀಪ ಹತ್ತದಿದ್ದಾಗ ತಪ್ಪು ಬಲ್ಬಿನದೋ ವೈರಿನದೋ ಎಂದು ಪರೀಕ್ಷಕರು ಹೇಳಲಾರರು, ವರದಿಯಲ್ಲಿ ದೋಷವೆಂದೇ ಬರೆಯುತ್ತಾರೆ. ವಿದ್ಯುತ್ ಸೋರಿದಾಗ ತಾನಾಗಿ ಸಂಪರ್ಕ ಕಡಿಯುವ ಸಾಧನವಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಅದರ ಸ್ವಿಚ್ ತಾನಾಗಿ ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ನೀವೇ ಕೈಹಾಕಬೇಡಿ. ಗ್ಯಾಸ್ ಒಲೆಯ ಜ್ವಾಲೆ ನೀಲಿಯಾಗಿರಲಿ.

ಬಿರುಕುಗಳ ವಿಷಯದಲ್ಲಿ ತಾಳ್ಮೆ ಬೇಕು. ಗಾರೆಯಲ್ಲಿನ ಕೂದಲೆಳೆಯಂತಹ ಗೆರೆಗೆ ಹೆದರಬೇಕಿಲ್ಲ, ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ, ದಿನೇದಿನೇ ಅಗಲವಾಗುವ ಬಿರುಕನ್ನು ಎಂಜಿನಿಯರಿಗೆ ತೋರಿಸಲೇಬೇಕು. ಮನೆ ಮಾರುವ ಯೋಚನೆ ಬಂದ ದಿನವೇ ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆದಿಟ್ಟರೆ, ಅದು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದಕ್ಕೆ ಆ ಗುರುತೇ ಸಾಕ್ಷಿಯಾಗುತ್ತದೆ.

ಪರೀಕ್ಷೆಯ ದಿನ ನೀರು, ವಿದ್ಯುತ್ತು, ಗ್ಯಾಸ್ ಎಲ್ಲವೂ ಚಾಲ್ತಿಯಲ್ಲಿರಲಿ. ಅಟ್ಟ, ತಾರಸಿ, ನೀರಿನ ಟ್ಯಾಂಕ್, ವಿದ್ಯುತ್ ಬೋರ್ಡ್‌ಗಳ ಮುಂದೆ ಪೆಟ್ಟಿಗೆಗಳನ್ನು ಪೇರಿಸಿಡಬೇಡಿ. ನೋಡಲಾಗದ ಜಾಗವನ್ನು ನೋಡಲಾಗಲಿಲ್ಲ ಎಂದೇ ಅವರು ಬರೆಯುತ್ತಾರೆ, ಆ ಸಾಲನ್ನು ಓದಿದ ಕೊಳ್ಳುವವರು ಅಲ್ಲಿ ಏನೋ ಇದೆಯೆಂದು ಊಹಿಸಿಕೊಳ್ಳುತ್ತಾರೆ. ಎಲ್ಲ ಬೀಗಗಳ ಕೀಲಿಗಳನ್ನೂ ಹಿಂದಿನ ರಿಪೇರಿಗಳ ರಸೀದಿಗಳನ್ನೂ ಮೇಜಿನ ಮೇಲಿಟ್ಟು, ನಿಮಗೆ ತಿಳಿದೂ ಸರಿಪಡಿಸಲಾಗದೆ ಉಳಿದ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು ಅವುಗಳ ಜೊತೆಗೇ ಇಡಿ.