ಆ ದೃಶ್ಯದಲ್ಲಿ ಮಳೆ ಇರಲಿಲ್ಲ

ಹಳೇ ಧಾರಾವಾಹಿಯೊಂದನ್ನು ಹೊಸದಾಗಿ ಮಾಡುತ್ತಿದ್ದೇವೆ, ಸಂಭಾಷಣೆ ನೀವೇ ಬರೀಬೇಕು ಅಂತ ನಿರ್ಮಾಪಕರು ಕರೆದಾಗ ನಾನು ಮೊದಲು ಮಾಡಿದ್ದು ನೆಂಟರಿಷ್ಟರಿಗೆಲ್ಲ ಫೋನು. "ನಿಮಗೆ ಅದರಲ್ಲಿ ಏನು ನೆನಪಿದೆ?"

ಧಾರಾವಾಹಿಯ ಹೆಸರು ಹೇಳಲು ಕರಾರು ಬಿಡುವುದಿಲ್ಲ. ದೂರದರ್ಶನದ ಕಾಲದ್ದು, ವಾರಕ್ಕೊಂದು ಕಂತು, 13 ಕಂತಿನ ಲೆಕ್ಕದಲ್ಲಿ ಮಂಜೂರಾಗುತ್ತಿದ್ದ ಜಾತಿಯದು. ಒಂದು ಮನೆ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದು ಒಂದೇ ದೃಶ್ಯ: ಮನೆ ಭಾಗವಾಗುವ ದಿನ ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅಮ್ಮನ ಕೈಯಿಂದ ಅರಿಶಿನ ಕುಂಕುಮ, ರವಿಕೆ ಕಣ ತೆಗೆದುಕೊಂಡು ಮೆಟ್ಟಿಲಿಳಿಯುವುದು. "ಹೊರಗೆ ಧೋ ಅಂತ ಮಳೆ, ನೆನೆಸಿಕೊಂಡರೆ ಈಗಲೂ ಅಳು ಬರುತ್ತೆ" ಅಂದರು ನಮ್ಮ ಸೋದರತ್ತೆ.

ಬೀಟಾಕ್ಯಾಮ್ ಕ್ಯಾಸೆಟ್ಟುಗಳು ನಿರ್ಮಾಪಕರ ಮನೆಯ ಅಟ್ಟದಲ್ಲಿದ್ದವು. ಅರ್ಧಕ್ಕರ್ಧ ಬೂಷ್ಟು. ಅವನ್ನು ಓಡಿಸುವ ಯಂತ್ರ ಹುಡುಕುವುದಕ್ಕೇ ಮೂರು ವಾರ ಹಿಡಿಯಿತು. ಕೊನೆಗೂ ಆ ಕಂತು ಹಾಕಿಕೊಂಡು ಕೂತೆ. ಮಳೆಯೇ ಇಲ್ಲ! ಅಂಗಳದಲ್ಲಿ ಚುರುಕು ಬಿಸಿಲು. ಬಚ್ಚಲುಮನೆಯಲ್ಲಿ ಯಾರೋ ನಲ್ಲಿ ನಿಲ್ಲಿಸದೆ ಬಂದಿದ್ದಾರೆ, ನೀರು ತುಂಬಿದ ಹಂಡೆಗೆ ಬೀಳುತ್ತಲೇ ಇದೆ. ಹಿನ್ನೆಲೆ ಸಂಗೀತ ಇಲ್ಲ. ಆ ಸದ್ದು ಅಷ್ಟು ವರ್ಷ ಜನರ ಮನಸ್ಸಿನಲ್ಲಿ ಸುರಿದು ಸುರಿದು ಮಳೆಯಾಗಿತ್ತು.

ಈಗ ಮಾಡುವುದು ಹೇಗೆ? ಕಣ್ಣ ಮುಂದೆ ಮಾದರಿಗಳಿದ್ದವು. 1998ರ 'ಮಾಯಾಮೃಗ' 2022ರಲ್ಲಿ 'ಮತ್ತೆ ಮಾಯಾಮೃಗ'ವಾಗಿ ಮುಂದುವರಿದಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಅನ್ನು 2006ರಲ್ಲಿ ಕವಿತಾ ಲಂಕೇಶ್ ಮತ್ತೆ ಕೈಗೆತ್ತಿಕೊಂಡಾಗ ಹೊಸ ಕಂತುಗಳನ್ನು ಸೇರಿಸಿದರು. 2025ರಲ್ಲಿ ಹಿಂದಿಯ 'ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ' ಧಾರಾವಾಹಿಯಲ್ಲಿ ಸ್ಮೃತಿ ಇರಾನಿ ಮತ್ತೆ ತುಳಸಿಯಾಗಿ ಬಂದರು. ನಮ್ಮ ಚಾನೆಲ್ಲಿಗೂ ಇದೇ ದಾರಿ ಇಷ್ಟ: ಅದೇ ನಟಿ, ಅದೇ ಮಗಳು, ಕಾಲು ಶತಮಾನದ ನಂತರ ತನ್ನ ಪಾಲು ಕೇಳಲು ಬರುತ್ತಾಳೆ. ಪ್ರೋಮೋ ಕೂಡ ಬರೆದಿಟ್ಟಿದ್ದರು.

ಅದಕ್ಕೆ ಅಡ್ಡ ಬಂದದ್ದು ಒಂದು ತಾರೀಖು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಅಪ್ಪ ಆ ಹೊತ್ತಿಗೆ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ಓದಿ ನಾನು ಹಿಗ್ಗಿದ್ದೆ. ಪರಿಚಯದ ವಕೀಲರೊಬ್ಬರು ಚಹಾ ಕುಡಿಯುತ್ತಾ ಕೇಳಿದರು: "ನಿಮ್ಮ ಕಥೆಯಲ್ಲಿ ಪಾಲು ಆಗಿದ್ದು ಯಾವಾಗ? ರಿಜಿಸ್ಟರ್ ಆಗಿತ್ತಾ?" ಆಗಿತ್ತು, ಸಬ್ ರಿಜಿಸ್ಟ್ರಾರ್ ಕಚೇರಿಯನ್ನೂ ತೋರಿಸಿದ್ದರು. "ಹಾಗಾದರೆ ಮುಗೀತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ಪಾಲಿಗೆ ಈ ಕಾನೂನು ಅನ್ವಯಿಸಲ್ಲ. ನಿಮ್ಮ ಅಮ್ಮಣ್ಣಿ ಸುಮ್ಮನೆ ತನ್ನ ಮನೆಗೆ ವಾಪಸ್ ಹೋಗಬೇಕಷ್ಟೇ."

ಹೀಗೆ ಮುಂದುವರಿಕೆಯ ಯೋಚನೆ ಬಿತ್ತು. ಅದೇ ಮನೆ, ಅದೇ ಜಗಳ, ಆದರೆ ಎಲ್ಲವೂ ಇವತ್ತು ನಡೆಯುತ್ತಿದೆ ಅಂತ ಮೊದಲಿಂದ ಶುರುಮಾಡಿದೆವು. ಆಗ ಮಗಳಾಗಿದ್ದ ನಟಿ ಈಗ ಅಮ್ಮನ ಪಾತ್ರಕ್ಕೆ ಒಪ್ಪಿದರು.

ಉಳಿದ ಬದಲಾವಣೆಗಳೇನೂ ಕಷ್ಟವಾಗಲಿಲ್ಲ. ಬಚ್ಚಿಟ್ಟ ಇನ್‌ಲ್ಯಾಂಡ್ ಪತ್ರ ಹೋಯಿತು, ಮೂರನೇ ಮಗ ದುಬೈ ಬಿಟ್ಟು ಮನೆಯಿಂದಲೇ ಲ್ಯಾಪ್‌ಟಾಪ್ ಹಿಡಿದು ಕೂತ. ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನ ಮೇಲೆ ಒಂದಿಡೀ ಟ್ರ್ಯಾಕ್ ಬರೆದು, ನಾಲ್ಕು ಕಂತಿಗೆ ನನಗೇ ಬೇಜಾರಾಗಿ ಎತ್ತಿಬಿಟ್ಟೆ. ಪರದೆಯಲ್ಲಿ ಇನ್ನೊಂದು ಪರದೆ ಓದಿಸುವುದು ಎಷ್ಟು ದಿನ ನಡೆದೀತು?

ಸಹಿಯ ದೃಶ್ಯ ಮಾತ್ರ ಹದಕ್ಕೆ ಬರಲೊಲ್ಲದು. ಇವತ್ತಿನ ಮಗಳು ಸುಮ್ಮನೆ ಸಹಿ ಹಾಕಿದರೆ ನೋಡುವವರು ಒಪ್ಪುವುದಿಲ್ಲ. ಹಾಗಾಗಿ ಒಂದು ಭಾಷಣ ಬರೆದೆ: ಕಾನೂನು, ಕಲಂ, ಸಮಾನತೆ, ಎಲ್ಲ ಸೇರಿ ಎರಡೂವರೆ ಪುಟ. ಓದಿಸಿದಾಗ ಲಾಯರ್ ನೋಟಿಸಿನ ಹಾಗಿತ್ತು. ಅಮ್ಮನಿಗೆ ನಾನು ಬರೆದಿದ್ದ ಮಾತು "ಸಹಿ ಹಾಕಮ್ಮ, ಮನೆ ಒಡೆಯೋದು ಬೇಡ." ಹಿರಿಯ ನಟಿ ಪುಟ ಮಡಿಸಿ ತೊಡೆ ಮೇಲಿಟ್ಟುಕೊಂಡರು.

"ಈ ಮಾತು ನನ್ನ ಬಾಯಲ್ಲಿ ಬರ್ತಿಲ್ಲಪ್ಪ. ಅವತ್ತು ನಾನು ಓದದೇನೇ ಸಹಿ ಹಾಕಿದ್ದೆ. ಕ್ಯಾಮೆರಾ ಮುಂದೆಯೂ ಅಷ್ಟೆ, ಆಮೇಲೆ ನಮ್ಮನೇಲೂ ಅಷ್ಟೆ. ಇವಳು ಓದಲಿ ಬಿಡು."

ಅಷ್ಟೇ ಬರೆದೆ. ಅಮ್ಮ ಅನ್ನುತ್ತಾಳೆ, "ಓದಿ ನೋಡು." ಮಗಳು ಗಟ್ಟಿಯಾಗಿ ಓದತೊಡಗುತ್ತಾಳೆ, ಚೆಕ್ಕುಬಂದಿಗೆ ಬರುತ್ತಾಳೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದ ಮನೆಯ ಗೋಡೆ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಖಾಲಿ ಜಾಗ. ಅಲ್ಲಿ ನಿಲ್ಲಿಸಿ ದೊಡ್ಡಣ್ಣನ ಮುಖ ನೋಡುತ್ತಾಳೆ. "ಖಾಲಿ ಜಾಗ ಅಲ್ವಲ್ಲ ಅಣ್ಣಾ, ಅಲ್ಲಿ ಬಾವಿ ಇತ್ತು. ನಾನು ಬಿದ್ದಿದ್ದೆ, ನೀನೇ ಎತ್ತಿದ್ದೆ." ಅವನು ಮಾತಾಡುವುದಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕುತ್ತಾಳೆ. "ತಿದ್ದಿಸಿಕೊಂಡು ಬನ್ನಿ, ಆಮೇಲೆ ನೋಡೋಣ."

ಪ್ರಾಂಪ್ಟಿಂಗ್ ಇಲ್ಲದೆ ತೆಗೆದೆವು, ಇಬ್ಬರೂ ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹಿಂದೆ ಬಚ್ಚಲಿನ ನಲ್ಲಿ ಬಿಟ್ಟಿದ್ದೆವು. ಹಂಡೆ ಸಿಗದೆ ಪ್ಲಾಸ್ಟಿಕ್ ಬಕೆಟ್ ಇಟ್ಟರೆ ಸದ್ದು ಬೇರೆಯೇ ಬಂತು. ಮಧ್ಯಾಹ್ನದ ಊಟ ತಡವಾದರೂ ಸರಿ ಅಂತ ಪಾತ್ರೆ ಅಂಗಡಿಯಿಂದ ತಾಮ್ರದ ಹಂಡೆಯೊಂದನ್ನು ಬಾಡಿಗೆಗೆ ತರಿಸಿದರು ನಿರ್ದೇಶಕರು.

ಚಾನೆಲ್ಲಿನಲ್ಲಿ ನೋಡಿದವರಿಗೆ ಸಮಾಧಾನವಿಲ್ಲ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಸಿಗುವ ಸುಮಾರು 22 ನಿಮಿಷದಲ್ಲಿ ಮೂರು ನಿಮಿಷ ಹಕ್ಕು ಬಿಡುಗಡೆ ಪತ್ರದ ಭಾಷೆ ಓದಿಸಿದರೆ ಯಾರು ಕೂರುತ್ತಾರೆ? ಅವಳು ಹೂಂ ಅಂತಾಳೋ ಉಹೂಂ ಅಂತಾಳೋ? ಸಂಗೀತ ಯಾಕಿಲ್ಲ? ನಿರ್ದೇಶಕರು ಒಂದು ನಿಮಿಷ ಬಿಟ್ಟುಕೊಟ್ಟರು, ನಲ್ಲಿ ಬಿಟ್ಟುಕೊಡಲಿಲ್ಲ. ಗುರುವಾರ ಟಿಆರ್‌ಪಿ ಬಂದಾಗ ಅಂಕಿ ಏರಿಯೂ ಇರಲಿಲ್ಲ, ಇಳಿದೂ ಇರಲಿಲ್ಲ.

ಪ್ರಸಾರವಾದ ರಾತ್ರಿಯೇ ಸೋದರತ್ತೆ ಫೋನ್ ಮಾಡಿದರು. ಸಹಿ ಹಾಕದಿದ್ದದ್ದು ಒಳ್ಳೆಯದಾಯಿತಂತೆ, ಬಾವಿಯ ಮಾತಿಗೆ ಅತ್ತರಂತೆ.

"ಎಲ್ಲಾ ಸರಿ ಕಣೋ," ಅಂದರು, "ಹಳೇದರಲ್ಲಿದ್ದಂಗೆ ಮಳೆ ಇಟ್ಟಿದ್ದು ಇನ್ನೂ ಚೆನ್ನಾಗಿತ್ತು."