ಆಟಿಯ ಮಳೆಯಲ್ಲಿ ರೂಮ್ ಹೀಟರ್: ಮೀಟರ್ ನೋಡಿ ನಾನು ಕಲಿತದ್ದು

ಉಡುಪಿಯಲ್ಲಿ ರೂಮ್ ಹೀಟರ್ ಎಂತಕ್ಕೆ ಅಂತ ನಿಮಗೆ ಅನ್ನಿಸಬಹುದು. ಜುಲೈ ರಾತ್ರಿಯಲ್ಲೂ ಇಲ್ಲಿ ಸುಮಾರು 23 ಡಿಗ್ರಿ ಇರುತ್ತದೆ, ನಡುಗುವ ಚಳಿ ಅಲ್ಲ. ಆದರೆ 2025ರ ಜುಲೈಯಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿನ ಹತ್ತಿ ಬಟ್ಟೆ ದಿನಕ್ಕೆ ಇಪ್ಪತ್ತಕ್ಕೂ ಜಾಸ್ತಿ. ಹೊರಗೆ ಆಟಿಯ, ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳಿನ, ಬಿಡದೆ ಸುರಿಯುವ ಮಳೆ. ಮೂರು ದಿನ ಹಗ್ಗದಲ್ಲಿದ್ದರೂ ಬಟ್ಟೆ ಮುಟ್ಟಿದರೆ ತಣ್ಣಗೆ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ.

ನಾವು ಹುಟ್ಟಿದಾಗ ಅಜ್ಜಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡುತ್ತಿದ್ದರಂತೆ. ಹಂಚಿನ ಮನೆಯಲ್ಲಿ ಗಾಳಿ ಆಡುತ್ತಿತ್ತು, ನಡೆಯಿತು. ಈಗಿನ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಅದರಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಫ್ಯಾನ್ ಇರುವ 2000 ವ್ಯಾಟಿನ ಹೀಟರ್ ತಂದೆ. ಮಗುವಿನ ಸ್ನಾನಕ್ಕೆ ಮೊದಲು ಒಂದು ಗಂಟೆ, ರಾತ್ರಿ ಬಟ್ಟೆಗೆ ಎರಡು ಗಂಟೆ ಉರಿಸಿದೆ. ಬಟ್ಟೆ ಒಣಗಿತು, ಮಗಳಿಗೆ ಖುಷಿ ಆಯಿತು.

ಬಿಲ್ ಬಂದಾಗ ಇವರು ಚೀಟಿ ಹಿಡಿದುಕೊಂಡೇ ಒಳಗೆ ಬಂದರು. "ಎಂತ ಇದು? ನಮ್ಮದು ಸೊನ್ನೆ ಬಿಲ್ ಅಲ್ವಾ?"

ಹೌದು, ಸೊನ್ನೆಯೇ ಬರುತ್ತಿತ್ತು. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಹತ್ತು ಶೇಕಡಾ ಸೇರಿಸಿ ನಮ್ಮ ಮನೆಗೆ 140 ಯುನಿಟ್ ಉಚಿತ. ನಾವು ಖರ್ಚು ಮಾಡುತ್ತಿದ್ದದ್ದು 135ರ ಹತ್ತಿರ. ಆ ತಿಂಗಳು 240 ಆಗಿತ್ತು. 140 ದಾಟಿದರೆ ದಾಟಿದ ಯುನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಇಡೀ ಬಿಲ್ ನಾವೇ ಕಟ್ಟಬೇಕು. ಹೀಟರ್ ತಿಂದದ್ದು 105 ಯುನಿಟ್, ಯುನಿಟ್‌ಗೆ 5 ರೂಪಾಯಿ 80 ಪೈಸೆಯಂತೆ ಸುಮಾರು 610 ರೂಪಾಯಿ. ಕಟ್ಟಿದ್ದು ಮಾತ್ರ ನಿಗದಿತ ಶುಲ್ಕ, ತೆರಿಗೆ ಎಲ್ಲಾ ಸೇರಿ 2,000ಕ್ಕೂ ಮೇಲೆ. ಹೀಟರ್ ತರುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆಮೇಲೆ ನಾನೇ ಮೀಟರಿನ ಮುಂದೆ ನಿಂತೆ. ನಮ್ಮ ಮೀಟರಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪವೊಂದು ಮಿನುಗುತ್ತಾ ಇರುತ್ತದೆ. ಪಕ್ಕದಲ್ಲಿ 3200 ಅಂತ ಬರೆದಿದೆ. ಅಂದರೆ 3200 ಸಲ ಮಿನುಗಿದರೆ ಒಂದು ಯುನಿಟ್. ಒಂದು ಯುನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ. ಮನೆಯ ಬೇರೆ ಎಲ್ಲಾ ಸ್ವಿಚ್ ಆರಿಸಿ, ಫ್ರಿಜ್ಜನ್ನೂ ನಿಲ್ಲಿಸಿ, ಹೀಟರ್ ಒಂದನ್ನೇ 2000ಕ್ಕೆ ಇಟ್ಟೆವು. ಲೆಕ್ಕದ ಪ್ರಕಾರ ಅರ್ಧ ನಿಮಿಷಕ್ಕೆ 53 ಸಲ ಮಿನುಗಬೇಕು. ಅಷ್ಟು ವೇಗಕ್ಕೆ ಎಣಿಸುವಾಗ ಕಣ್ಣು ತಪ್ಪುತ್ತದೆ. ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿ, ನಿಧಾನ ಮಾಡಿ ಎಣಿಸಿದಳು. ಬಂದದ್ದು 45.

ಎಲ್ಲಿ ತಪ್ಪಿತು ಅಂತ ನೋಡುವಾಗ ಫ್ರಿಜ್ಜಿನ ಸ್ಟೆಬಿಲೈಸರ್ 211 ವೋಲ್ಟ್ ತೋರಿಸುತ್ತಿತ್ತು. ಪೆಟ್ಟಿಗೆಯ ಮೇಲಿನ 2000 ವ್ಯಾಟ್ 230 ವೋಲ್ಟಿಗೆ ಹೇಳಿದ್ದು. ವೋಲ್ಟೇಜ್ ಸ್ವಲ್ಪ ಇಳಿದರೂ ಹೀಟರಿನ ವ್ಯಾಟ್ ಇನ್ನೂ ಜಾಸ್ತಿ ಇಳಿಯುತ್ತದೆ, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುವುದು. 211ಕ್ಕೆ ಅದು 1680ರ ಹತ್ತಿರ ಬರುತ್ತದೆ. ಮೀಟರ್ ಹೇಳಿದ್ದೂ ಅಷ್ಟೇ! ಆವತ್ತಿನಿಂದ ನನಗೆ ಆ ಕೆಂಪು ದೀಪದ ಮೇಲೆ ಪೂರ್ತಿ ನಂಬಿಕೆ.

ಪಕ್ಕದ ಮನೆಯ ಅಕ್ಕನ ಹತ್ತಿರ ಎಣ್ಣೆ ತುಂಬಿದ ಹೀಟರ್ ಉಂಟು, ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆ. "ಇದು ಕರೆಂಟ್ ಉಳಿಸ್ತದೆ ಅಂತ ಅಂಗಡಿಯಲ್ಲಿ ಹೇಳಿದ್ರು" ಅಂದರು. ತಂದು ಹಚ್ಚಿದೆವು. 2000ದಲ್ಲಿ ಅದೂ 45. ಹೀಟರ್ ಯಾವುದೇ ಇರಲಿ, ಒಳಗೆ ಹೋದ ಕರೆಂಟ್ ಪೂರ್ತಿ ಬಿಸಿಯಾಗಿಯೇ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ. ಎಣ್ಣೆಯದು ಶಬ್ದ ಮಾಡುವುದಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಮಲಗಿದ ಮಗುವಿನ ಕೋಣೆಗೆ ಅದು ಒಳ್ಳೆಯದು, ಸಂಶಯವಿಲ್ಲ. ಆದರೆ ಬಿಲ್ ಕಡಿಮೆ ಆಗುತ್ತದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಬಿಲ್ ಇಳಿಯುವುದು ಥರ್ಮೋಸ್ಟಾಟಿನಿಂದ, ಅಂದರೆ ಕೋಣೆ ಬೇಕಾದಷ್ಟು ಬಿಸಿಯಾದಾಗ ಹೀಟರನ್ನು ತಾನಾಗಿಯೇ ಕಟ್ ಮಾಡುವ ತಿರುಪಿನಿಂದ. ನಾನು ತಿರುಪನ್ನು ಪೂರ್ತಿ ತಿರುಗಿಸಿ, ಬಾಗಿಲು ಅರ್ಧ ತೆರೆದಿಡುತ್ತಿದ್ದೆ. ಅದು ಕಟ್ ಆಗುವುದಾದರೂ ಹೇಗೆ? ಈಗ ಸ್ನಾನಕ್ಕೆ ಬಾಗಿಲು ಮುಚ್ಚಿ, 1000 ವ್ಯಾಟಿನಲ್ಲಿ ಕಾಲು ಗಂಟೆ ಇಡುತ್ತೇವೆ. ಕಾಲು ಯುನಿಟ್, ಒಂದೂವರೆ ರೂಪಾಯಿ.

ಬಟ್ಟೆಯದು ಬೇರೆ ಕಥೆ. ಮೆಷಿನ್ನಿನಿಂದ ತೆಗೆದ ಬಟ್ಟೆ ತೂಗಿದೆ, 4.1 ಕಿಲೋ. ಒಣಗಿದ ಮೇಲೆ 2.6. ಅಂದರೆ ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಒಂದು ಲೀಟರಿಗೆ ಸುಮಾರು 0.67 ಯುನಿಟ್ ಶಾಖ ಬೇಕು, ಒಟ್ಟು ಒಂದು ಯುನಿಟ್. ನಾನು ಸುಮ್ನೆ ಮೂರಕ್ಕೂ ಮೇಲೆ ಉರಿಸುತ್ತಿದ್ದೆ. ಅದೇ ಬಟ್ಟೆಯನ್ನು ಇನ್ನೊಂದು ಸಲ ಸ್ಪಿನ್‌ಗೆ ಹಾಕಿದಾಗ ಕಾಲು ಲೀಟರ್ ನೀರು ಹೆಚ್ಚಿಗೆ ಹೋಯಿತು. ಆ ಎಂಟು ನಿಮಿಷಕ್ಕೆ ಖರ್ಚು 0.04 ಯುನಿಟ್ ಅಷ್ಟೆ. ಆಮೇಲೆ ಸಣ್ಣ ಕೋಣೆಯಲ್ಲಿ ಹಗ್ಗ ಕಟ್ಟಿ, ಕಿಟಕಿ ತೆರೆದು, ಹಗಲಿಡೀ ಫ್ಯಾನ್ ಹಾಕಿದೆ. ನಮ್ಮ ಹಳೆಯ 75 ವ್ಯಾಟಿನ ಫ್ಯಾನಿಗೆ ಹತ್ತು ಗಂಟೆಗೆ ಮುಕ್ಕಾಲು ಯುನಿಟ್ ಬೇಕು, ಹೊಸ 28 ವ್ಯಾಟಿನದಕ್ಕೆ ಕಾಲು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ. ಹೊಸದನ್ನೇ ಹಾಕಿಸಿದೆವು. ಕೊನೆಯ ತೇವಕ್ಕೆ ಮಾತ್ರ ಅರ್ಧ ಗಂಟೆ ಹೀಟರ್. ಮಳೆಗಾಲದ ಗಾಳಿ ಮೊದಲೇ ನೀರು ಕುಡಿದು ತುಂಬಿರುತ್ತದೆ, ಏಳೆಂಟು ಡಿಗ್ರಿ ಬಿಸಿ ಮಾಡಿದರೆ ಮತ್ತೆ ಕುಡಿಯಲು ಶುರು ಮಾಡುತ್ತದೆ. ಕುಡಿದ ಗಾಳಿ ಹೊರಗೆ ಹೋಗಲು ಕಿಟಕಿ ಒಂದು ಬೆರಳಿನಷ್ಟು ತೆರೆದೇ ಇರಲಿ.

ಒಂದು ವಿಷಯ ಹೇಳದೆ ಇರಲಾರೆ. ಮೊದಲ ವಾರ ಹೀಟರನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದ್ದೆ. ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಪಿನ್ ತೆಗೆದರೆ ಕೈ ಸುಡುವಷ್ಟು ಬಿಸಿ, ಬಾಕ್ಸಿನ ತೂತಿನ ಸುತ್ತ ಕಂದು ಬಣ್ಣ. ಮಗು ಎರಡು ಮಾರು ದೂರದಲ್ಲಿ ಮಲಗಿತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್, ಆ ಬಾಕ್ಸ್ 6 ಆಂಪಿಯರಿನದು. ಮೇಲಿಂದ ನಮ್ಮ ಕಡಲ ಗಾಳಿಗೆ ಒಳಗಿನ ತಗಡು ಕಿಲುಬು ಹಿಡಿದಿತ್ತು. ಈಗ ಹೀಟರ್ ಇರುವುದು ಗೋಡೆಯ 16 ಆಂಪಿಯರ್ ಪವರ್ ಪ್ಲಗ್ಗಿನಲ್ಲಿ. ಹೀಟರ್ ಮೇಲೆ ಬಟ್ಟೆ ಹಾಕುವುದಂತೂ ಖಂಡಿತ ಬೇಡ.

ಆಗಸ್ಟ್ ಬಿಲ್ 171 ಯುನಿಟ್ ಬಂತು. ದುಡ್ಡು ಕಟ್ಟಿದ್ದು 31 ಯುನಿಟ್‌ಗೆ ಮಾತ್ರ.

ಡಿಸೆಂಬರಿನಲ್ಲಿ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಅಲ್ಲಿ ಚಳಿ, ಹೀಟರ್ ತೆಗೆದುಕೊಂಡಿದ್ದಾಳೆ. "ಅಮ್ಮಾ, ಇಲ್ಲಿಯ ಮೀಟರಲ್ಲಿ 1600 ಅಂತ ಉಂಟು. 2000 ವ್ಯಾಟಿಗೆ ಎಷ್ಟು ಎಣಿಸ್ಬೇಕು?"

"ಒಂದು ನಿಮಿಷಕ್ಕೆ 53" ಅಂದೆ. "ಫ್ರಿಜ್ ಆರಿಸಿದ್ದೀಯಲ್ಲ?"