ಡ್ರಮ್ಮಿನ ನಾತ ಬಿಡಿಸಿದ್ದು ತರಗೆಲೆ

ಮನೆಯ ಕಸ ಕಡಿಮೆ ಮಾಡಬೇಕು ಅಂತ ಹೊರಟಾಗ ನಾನು ಮೊದಲು ಕೈಗೆತ್ತಿಕೊಂಡದ್ದು ತಕ್ಕಡಿ. ಒಂದು ವಾರ ದಿನದಿನದ ಕಸ ಬೇರೆ ಮಾಡಿ, ತೂಗಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆದೆ. ಪ್ಲಾಸ್ಟಿಕ್ಕೇ ಹೆಚ್ಚಿರುತ್ತದೆ ಅನ್ನುವುದು ನನ್ನ ಎಣಿಕೆ. ಕಣ್ಣಿಗೆ ಹೊಡೆಯುವುದು ಅದೇ ಅಲ್ಲವೇ. ಆದರೆ 7 ಕೆಜಿಯಲ್ಲಿ 4.5 ಕೆಜಿ ಬರೀ ಸಿಪ್ಪೆ, ದಂಟು, ತಟ್ಟೆಯಲ್ಲಿ ಉಳಿದದ್ದು.

ಹಸಿ ಕಸ ಎಲ್ಲಿ ಬಿದ್ದರೂ ಮಣ್ಣಾಗುತ್ತದೆ ಎಂದೇ ನಂಬಿದ್ದೆ. ಆದರೆ ಊರಿನ ಕಸವೆಲ್ಲ ಸುರಿಯುವ ಗುಡ್ಡೆಯ ಒಳಗೆ ಗಾಳಿಯಾಡುವುದಿಲ್ಲ. ಅಲ್ಲಿ ಕೊಳೆತದ್ದು ಮೀಥೇನ್ ಎಂಬ ಅನಿಲ ಬಿಡುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಕೆಳಗಿಳಿಯುವ ಕಪ್ಪು ರಸ ಅಂತರ್ಜಲವನ್ನೂ ಕೆಡಿಸುತ್ತದೆ.

ಹಾಗಾಗಿ ಒಂದು ಡ್ರಮ್ಮಿಗೆ ಸುತ್ತಲೂ ತೂತು ಕೊರೆದು ಹಸಿ ಕಸ ತುಂಬತೊಡಗಿದೆ. ಹತ್ತು ದಿನಕ್ಕೆ ಹತ್ತಿರ ಹೋಗಲಾರದಷ್ಟು ನಾತ, ಮೇಲೆಲ್ಲ ಹುಳ. ಎತ್ತಿ ಎಸೆಯಿರಿ ಎಂದು ಮನೆಯವರೆಲ್ಲ ಹೇಳಿದರು. ಎಸೆಯುವ ಮೊದಲು ಒಂದು ಹಾಳೆಯ ಮೇಲೆ ಸುರಿದು ನೋಡಿದೆ. ತಳದಲ್ಲಿ ಬರೀ ರಾಡಿ. ನಾನು ಒಣಗಿದ್ದು ಏನನ್ನೂ ಹಾಕಿರಲಿಲ್ಲ! ಕೊಳೆಸುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ನೀರೂ ಸಾರಜನಕವೂ ಹೆಚ್ಚು. ತರಗೆಲೆಯಲ್ಲಿ ಇಂಗಾಲ ಹೇರಳ.

ಅಂದಿನಿಂದ ಒಂದು ಬಟ್ಟಲು ಹಸಿಗೆ ಎರಡು ಬಟ್ಟಲು ಪುಡಿಮಾಡಿದ ತರಗೆಲೆ. ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಮಗುಚುತ್ತೇನೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಸುರಿಯಬಾರದು. ಮೂಗಿಗೆ ಚುರ್ರೆನ್ನುವ ಅಮೋನಿಯಾ ವಾಸನೆ ಬಂದರೆ ಎಲೆ ಸಾಲದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಇಷ್ಟು ಗುರುತು ಹಿಡಿಯಲು ಕಲಿತ ಮೇಲೆ ನಾತ ಮತ್ತೆ ಕಾಡಲಿಲ್ಲ. ಮೂರು ತಿಂಗಳಿಗೆ ಕೈಯಲ್ಲಿ ಉದುರುವ ಕಪ್ಪು ಗೊಬ್ಬರ ಬಂತು, ಮಳೆ ಬಿದ್ದ ಮಣ್ಣಿನ ಘಮ. ಆ ದಿನದ ಖುಷಿ ಇನ್ನೂ ಹಾಗೇ ಇದೆ.

ಹಸಿ ಕಸ ಬೇರೆಯಾದದ್ದೇ ಒಣ ಕಸವೂ ಸುಧಾರಿಸಿತು. ಜಿಡ್ಡು ಹತ್ತಿದ ಕಾಗದ ಮರುಬಳಕೆಗೆ ಬರುವುದಿಲ್ಲ; ಈಗ ಹಸಿ ಕಸ ತಾಗದೆ ಕಾಗದ ಒಣಗಿಯೇ ಇರುತ್ತದೆ. ತಳದಲ್ಲಿ ಪ್ಲಾಸ್ಟಿಕ್ಕಿನ ಬಗೆ ತಿಳಿಸುವ ಅಂಕಿ 1 ಅಥವಾ 2 ಎಂದಿರುವ ಬಾಟಲಿಗಳನ್ನು ತೊಳೆದು ಕೊಟ್ಟರೆ ಸುಲಭವಾಗಿ ಹೋಗುತ್ತವೆ. ಬ್ಯಾಟರಿ, ಬಲ್ಬುಗಳಿಗೆ ಬೇರೆಯೇ ಡಬ್ಬಿ.

ನನ್ನನ್ನು ಸೋಲಿಸಿರುವುದು ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣಗಳು. ಪ್ಲಾಸ್ಟಿಕ್ಕು, ಲೋಹ ಪದರಪದರವಾಗಿ ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ, ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಅವು ಮನೆಯೊಳಗೆ ಬಾರದಂತೆ ತಡೆಯುವುದೊಂದೇ ದಾರಿ. ಈಗ ವಾರಕ್ಕೆ ನಮ್ಮ ಮನೆಯಿಂದ ಗುಡ್ಡೆಗೆ ಹೋಗುವುದು 600 ಗ್ರಾಂ ಆಸುಪಾಸು, ಬಹುಪಾಲು ಇವೇ. ಗೋಡೆಯ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ. ಈ ಸಲ ತೂಕವಲ್ಲ, ಯಾವ ಪೊಟ್ಟಣ ಯಾತಕ್ಕಾಗಿ ಬಂತು ಅಂತ ಒಂದೊಂದನ್ನೇ ಬರೆಯುತ್ತಿದ್ದೇನೆ.